ನೀಲವ್ವನ ಡ್ರೈವಿಂಗ್ ಮಾಸ್ತರ

ನನ್ನ ಹೆಂಡತಿ ನೀಲವ್ವ ಐವತ್ತೊಂದನೆಯ ವಯಸ್ಸಿನಲ್ಲಿ ಕಾರು ಕಲಿಯಲು ಹೊರಟಾಗ ಮೊದಲು ಕಲಿಸಲು ಕೂತವನು ನಾನೇ. ಎರಡನೆಯ ದಿನ ಅವಳು ನಡುರಸ್ತೆಯಲ್ಲಿ ಕಾರು ನಿಲ್ಲಿಸಿ, ಇಳಿದು, ಲಂಡನ್ನಿನ ಹ್ಯಾರೋ ಬಡಾವಣೆಯ ನಮ್ಮ ಮನೆಗೆ ನಡೆದೇ ಹೋದಳು. ಧಾರವಾಡದಿಂದ ಬಂದು ಇಪ್ಪತ್ತು ವರ್ಷ ಇಲ್ಲಿಯ ಆಸ್ಪತ್ರೆಯಲ್ಲಿ ಮುರಿದ ಮೂಳೆ ಕೂಡಿಸಿದ ಡಾಕ್ಟರ್ ಮುರಿಗೆಪ್ಪನಾದ ನನಗೆ, ಸಂಸಾರ ಮುರಿಯದಿರಲು ಬೇರೆ ಮಾಸ್ತರನನ್ನು ಹುಡುಕಬೇಕಾಯಿತು. ಅದು 2004ನೇ ಇಸವಿ.

ಸಿಕ್ಕವರು ಕ್ಲೈಡ್ ಹೋಲ್ಡರ್. ವೆಸ್ಟ್ ಇಂಡೀಸಿನ ಬಾರ್ಬಡೋಸ್‌ನಿಂದ ಬಂದು ಲಂಡನ್ನಿನಲ್ಲಿ ಬಸ್ ಓಡಿಸಿದ ಅಪ್ಪನ ಮಗ. ಐವತ್ತರ ಹತ್ತಿರದ, ಎತ್ತರದ ಕಪ್ಪು ಮನುಷ್ಯ. ಇಸ್ತ್ರಿ ಶರ್ಟು, ಟೈ, ಭಾನುವಾರ ಚರ್ಚಿನಲ್ಲಿ ಹಾಡು. ಇಪ್ಪತ್ತೆರಡು ವರ್ಷದಿಂದ ಕಲಿಸುತ್ತಿದ್ದರೂ ಅವರ ಲೈಸೆನ್ಸಿನ ಮೇಲೆ ಒಂದೇ ಒಂದು ತಪ್ಪು ದಾಖಲಾಗಿರಲಿಲ್ಲ. ನೀಲವ್ವ ಗೇರು ಹಾಕುವಾಗ ಬರುತ್ತಿದ್ದ ಸದ್ದಿಗೂ ಅವರ ಮುಖ ಕಿವುಚುತ್ತಿರಲಿಲ್ಲವಂತೆ.

ಮೂರನೆಯ ಪಾಠದಲ್ಲಿ ಪೊಲೀಸರು ಕಾರು ನಿಲ್ಲಿಸಿದರು. ಸೀರೆಯುಟ್ಟು ಸ್ಟಿಯರಿಂಗ್ ಹಿಡಿದಿದ್ದ ನೀಲವ್ವನತ್ತ ಒಬ್ಬ ಬಗ್ಗಿ ಕೇಳಿದ:

"ಮೇಡಂ, ನೀವು ಸುರಕ್ಷಿತವಾಗಿದ್ದೀರಾ? ಈ ವ್ಯಕ್ತಿ ನಿಮಗೆ ಗೊತ್ತೇ?"

"ನನ್ನ ಮಾಸ್ತರು. ನಾನು ಸರಿ ಇದ್ದೇನೆ. ಮೂರನೇ ಗೇರು ಸರಿ ಇಲ್ಲ," ಎಂದಳಂತೆ ಇವಳು.

ಕ್ಲೈಡ್ ಅಷ್ಟರಲ್ಲಿ ಎರಡೂ ಕೈಗಳನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿದ್ದರು. ಅದು ಬ್ರಿಟನ್ನಿನ ರಸ್ತೆ ನಿಯಮವೆಂದು ತಿಳಿದು ನೀಲವ್ವನೂ ಇಟ್ಟಳು. ಪೊಲೀಸರು ಹೋದ ಮೇಲೆ ಕ್ಲೈಡ್ ಮೆಲ್ಲಗೆ ಹೇಳಿದರು: "ನೀವು ಇಡಬೇಕಾಗಿಲ್ಲ, ಮೇಡಂ. ಅದು ನನ್ನಂಥವರಿಗೆ."

ಎರಡು ತಿಂಗಳಲ್ಲಿ ಆರು ಸಲ ನಿಲ್ಲಿಸಿದರು. ಒಮ್ಮೆ ಎಲ್ ಬೋರ್ಡ್ ಸಡಿಲವಾಗಿದೆ ಎಂದು, ಒಮ್ಮೆ ಈ ಭಾಗದಲ್ಲಿ ಕಳ್ಳತನ ಹೆಚ್ಚಿದೆ ಎಂದು. ಗಂಟೆಗೆ ಹದಿನೆಂಟು ಮೈಲಿಯಲ್ಲಿ, ಎಲ್ಲ ತಿರುವಿನಲ್ಲೂ ಇಂಜಿನ್ ನಿಲ್ಲಿಸುತ್ತ ಪರಾರಿಯಾಗುವ ಕಳ್ಳರ ಬಗ್ಗೆ ಇಲಾಖೆಗೆ ಏನೋ ಗುಪ್ತ ಮಾಹಿತಿ ಇದ್ದಿರಬೇಕು.

"ಮಾಸ್ತರನ್ನ ಬದಲಾಯಿಸೋಣು," ಎಂದೆ ನಾನು.

"ಯಾಕ್ರೀ? ಅವರೇನ್ ತಪ್ಪು ಮಾಡ್ಯಾರ?"

"ತಪ್ಪಲ್ಲ. ಆದ್ರ ಇಷ್ಟು ಸಲ ನಿಲ್ಲಸ್ತಾರಂದ್ರ ಏನರ ಇರಬೇಕಲ್ಲ."

ಅವಳು ಸಾರಿನ ಸೌಟು ಕೆಳಗಿಟ್ಟಳು. "ಏನರ ಅಂದ್ರ ಏನು? ಈ ಸಲ ನೀವಽ ಬಂದು ಹಿಂದ ಕೂಡ್ರಿ. ನೋಡ್ರಿ ಏನದ ಅಂತ."

ಮುಂದಿನ ಶನಿವಾರ ಮಧ್ಯಾಹ್ನ ಹಿಂದಿನ ಸೀಟಿನಲ್ಲಿ ಕೂತೆ. ಬಸ್ ಸ್ಟಾಪಿನೆದುರು ಇಬ್ಬರು ಯುವ ಪೊಲೀಸರು ಕೈ ಅಡ್ಡ ಹಾಕಿದರು. ಯಾರೋ ಶಂಕಿತನ ವಿವರ ಕ್ಲೈಡ್‌ಗೆ ಹೋಲುತ್ತದಂತೆ.

"ಏನು ವಿವರ?" ಎಂದು ನೀಲವ್ವ ಕೇಳಿದಳು.

"ಕಪ್ಪು ಗಂಡಸು, ಮೇಡಂ. ಇಪ್ಪತ್ತರಿಂದ ಐವತ್ತರೊಳಗೆ."

ಕ್ಲೈಡ್‌ರನ್ನು ಇಳಿಸಿ, ಕೈ ಅಗಲಿಸಿ ನಿಲ್ಲಿಸಿ, ಜೇಬು, ತೋಳು, ಕಾಲು ತಡವಿದರು. ಬಸ್ಸಿಗೆ ಕಾದವರೆಲ್ಲ ನೋಡಿದರು. ಒಬ್ಬ ಹೆಂಗಸು ತನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. ಜೇಬಿನಲ್ಲಿ ಸಿಕ್ಕಿದ್ದು ಪುದೀನ ಪೆಪ್ಪರ್‌ಮಿಂಟ್ ಮತ್ತು ಕನ್ನಡಕದ ಬಟ್ಟೆ. ಇನ್ನೊಬ್ಬ ಪೊಲೀಸ್ ಕಿಟಕಿಯಲ್ಲಿ ನನ್ನನ್ನು ನೋಡಿ ನಗುಮುಖದಿಂದ, "ಸರ್, ದಯವಿಟ್ಟು ಸೀಟ್ ಬೆಲ್ಟ್ ಹಾಕಿಕೊಳ್ಳಿ," ಎಂದ. ಆ ಕಾರಿನಲ್ಲಿ ಕಾನೂನು ಮುರಿದಿದ್ದವನು ನಾನೊಬ್ಬನೇ.

ಆಮೇಲೆ ತಪಾಸಣೆಯ ಫಾರ್ಮು ತುಂಬಿದರು. ಒಬ್ಬ ಪೊಲೀಸ್ ಜನಾಂಗದ ಪಟ್ಟಿ ಹಿಡಿದು, ಕಾರು ಓಡಿಸುತ್ತಿದ್ದ ಮೇಡಂ ತಮ್ಮನ್ನು ಏನೆಂದು ಗುರುತಿಸಿಕೊಳ್ಳುತ್ತಾರೆ ಎಂದು ಕೇಳಿದ. "ಧಾರವಾಡ," ಎಂದಳು ನೀಲವ್ವ. ಆತ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಹುಡುಕಿ, "ಇತರೆ" ಎಂದು ಬರೆದ.

ಕ್ಲೈಡ್ ಒಳಗೆ ಬಂದು ಕೂತರು. ಟೈ ಬಿಚ್ಚಿ ಮತ್ತೆ ಕಟ್ಟಿಕೊಂಡರು. "ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಹೊರಡೋಣ," ಎಂದರು. ನನ್ನ 'ಏನರ' ಏನೆಂದು ಕಣ್ಣಾರೆ ಕಂಡ ನಾನು ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡೆ.

ದೂರು ಕೊಡೋಣವೆಂದು ನೀಲವ್ವ ಹೇಳಿದಾಗ ಕ್ಲೈಡ್ ಬೇಡವೆಂದು ತಲೆಯಾಡಿಸಿದರು. "ಹಿಂದೆ ಎರಡು ಸಲ ಕೊಟ್ಟಿದ್ದೇನೆ. ಆಮೇಲೆ ಇನ್ನೂ ಹೆಚ್ಚು ನಿಲ್ಲಿಸಿದರು."

"ಆಗ ಸಾಕ್ಷಿ ಇರಲಿಲ್ಲ. ಈಗ ಡಾಕ್ಟರ್ ಇದ್ದಾರೆ," ಎಂದು ಅವಳು ನನ್ನನ್ನು ತೋರಿಸಿದಳು. ಎರಡು ವಾರ ಯೋಚಿಸಿ ಅವರು ಒಪ್ಪಿದರು.

ನಾನು ಸಾಕ್ಷಿ ಹೇಳಿಕೆಯಾಗಿ ನಾಲ್ಕು ಪುಟ ಬರೆದೆ. ಬೆಲ್ಟ್ ಹಾಕದ ನನ್ನನ್ನು ಬಿಟ್ಟು ಏನೂ ತಪ್ಪು ಮಾಡದ ಹೋಲ್ಡರ್‌ರನ್ನು ತಡವಿದರೆಂದು ಅಡಿಗೆರೆ ಎಳೆದು ಬರೆದೆ. ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಚಹಾ, ಬಿಸ್ಕತ್ತು ಕೊಟ್ಟು ಬಹಳ ಗಂಭೀರವಾಗಿ ಆಲಿಸಿದರು. ಆ ನಡುವೆ ನೀಲವ್ವ ಡ್ರೈವಿಂಗ್ ಪರೀಕ್ಷೆ ಪಾಸಾದಳು. ರಸ್ತೆ ಬದಿಗೆ ಕಾರು ನಿಲ್ಲಿಸುವುದನ್ನು ಇಷ್ಟು ಚೆನ್ನಾಗಿ ಅಭ್ಯಾಸ ಮಾಡಿದವರನ್ನು ಕಂಡೇ ಇಲ್ಲವೆಂದು ಪರೀಕ್ಷಕರು ಹೊಗಳಿದರಂತೆ.

ಮೂರು ತಿಂಗಳಿಗೆ ಎರಡು ಪತ್ರ ಬಂದವು. ಒಂದು ಕ್ಲೈಡ್‌ಗೆ: ದೂರಿಗೆ ಆಧಾರವಿಲ್ಲ, ಅವರಿಗೆ ಹಾಗೆ ಅನಿಸಿದ್ದಕ್ಕೆ ವಿಷಾದವಿದೆ. ಇನ್ನೊಂದು ನನಗೆ: ಲಿಖಿತವಾಗಿ ಒಪ್ಪಿಕೊಂಡಿರುವಂತೆ ಸೀಟ್ ಬೆಲ್ಟ್ ಧರಿಸದ್ದಕ್ಕೆ ದಂಡ.

ನಮ್ಮ ಊಟದ ಮೇಜಿನ ಬಳಿ ಎರಡನ್ನೂ ಓದಿದ ಕ್ಲೈಡ್ ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಡಾಕ್ಟರ್, ನನ್ನ ದೂರಿನಿಂದ ಒಬ್ಬರಿಗಾದರೂ ಶಿಕ್ಷೆಯಾಗಿದ್ದು ಇದೇ ಮೊದಲು."

ನಾನೂ ನಕ್ಕೆ. ಆಮೇಲೆ, ಮಾಸ್ತರನ್ನು ಬದಲಾಯಿಸೋಣವೆಂದು ಹೆಂಡತಿಗೆ ಹೇಳಿದ್ದನ್ನು ಅವರಿಗೆ ಹೇಳಿದೆ. ಅವರ ನಗು ನಿಂತಿತು. "ಗೊತ್ತಿತ್ತು," ಎಂದರು. "ಎಲ್ಲ ಗಂಡಂದಿರೂ ಹೇಳುತ್ತಾರೆ. ಹಿಂದೆ ಬಂದು ಕೂತವರು ನೀವೊಬ್ಬರೇ."

ನೀಲವ್ವ ಮೇಲ್ಮನವಿಯ ಅರ್ಜಿ ಮುಂದಿಟ್ಟಳು. ಅವರು ಎರಡು ಸಲ ಓದಿ ಸಹಿ ಮಾಡಿದರು. ಏಳು ತಿಂಗಳ ನಂತರ, ಆ ತಪಾಸಣೆಗೆ ಸಾಕಷ್ಟು ಕಾರಣವಿರಲಿಲ್ಲ ಎಂಬ ಒಂದೂವರೆ ಸಾಲಿನ ಕ್ಷಮಾಪಣೆ ಬಂತು. ಅದನ್ನು ತೋರಿಸಲು ಬಂದ ದಿನವೇ ಕ್ಲೈಡ್, ದಾರಿಯಲ್ಲಿ ಮತ್ತೆ ನಿಲ್ಲಿಸಿದರೆಂದು ಹೇಳಿದರು.

"ಸ್ವಲ್ಪ ಸುಧಾರಿಸಿದ್ದಾರೆ, ಮೇಡಂ. ಮೊದಲು ಗುಡ್ ಆಫ್ಟರ್‌ನೂನ್ ಅಂದರು. ಆಮೇಲೆ ಕೈ ಅಗಲಿಸು ಅಂದರು."

ನೀಲವ್ವ ನಗಲಿಲ್ಲ. ಪೆನ್ನು ತಂದು ಕೂತಳು.

"ಯಾವ ರಸ್ತೆ, ಎಷ್ಟು ಗಂಟೆಗೆ, ಹೇಳಿ."