ಸಿಪ್ಪೆ ಡ್ರಮ್ಮಿನೊಳಗಿನ ಬಿಸಿ

ಹಣ್ಣು ಹಿಂಡುವುದರಲ್ಲಿ ರಸರಾಜನಿಗೆ ಮೂರು ಲೋಕದಲ್ಲೂ ಸಾಟಿಯಿಲ್ಲ. ಜ್ಯೂಸ್ ಅಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ಅದು. ಅವನು ಕಿತ್ತಳೆಯೊಂದನ್ನು ಕೈಗೆತ್ತಿಕೊಂಡರೆ ಸಾಕು, ಬುಟ್ಟಿಯಲ್ಲಿದ್ದ ನಿಂಬೆಹಣ್ಣುಗಳು ಹೆದರಿ ತಾವೇ ರಸ ಬಿಡುತ್ತಿದ್ದವು. ಆದರೆ ಸಂಜೆಯಾಗುವಷ್ಟರಲ್ಲಿ ಅಂಗಡಿಯ ಹಿಂದೆ ಸಿಪ್ಪೆಯ ಬೆಟ್ಟವೇ ಏಳುತ್ತಿತ್ತು. ಅದರ ನಾತಕ್ಕೆ ನೊಣಗಳೇ ಮೂಗು ಮುಚ್ಚಿಕೊಂಡು ಹಾರುತ್ತಿದ್ದವೆಂದರೆ ಮನುಷ್ಯರ ಪಾಡು ಕೇಳಬೇಡಿ.

ಕಟ್ಟಡದ ಮಹಡಿಯಲ್ಲಿದ್ದ ಒಡತಿ ಒಂದು ದಿನ ಇಳಿದು ಬಂದರು. ತಿಂಗಳೊಳಗೆ ನಾತ ಹೋಗಬೇಕು, ಇಲ್ಲದಿದ್ದರೆ ಅಂಗಡಿ ಹೋಗಬೇಕು ಎಂದು ಹೇಳಿ ಹತ್ತಿ ಹೋದರು. ರಸರಾಜನ ಮನೆಯ ಒಲೆ ಉರಿಯುತ್ತಿದ್ದುದೇ ಆ ಅಂಗಡಿಯಿಂದ.

ಅವನ ಅಕ್ಕ ಸಸಿ ಬೆಳೆಸಿ ಮಾರುವವಳು. ಸಿಪ್ಪೆಯನ್ನು ಗೊಬ್ಬರ ಮಾಡು ಎಂದಳು. ಹುಳಿ ಹಣ್ಣಿನ ಸಿಪ್ಪೆ ಜನ್ಮದಲ್ಲಿ ಮಣ್ಣಾಗುವುದಿಲ್ಲವೆಂದು ಇವನು ವಾದಿಸಿದ. ಬೇರೆ ದಾರಿ ಕಾಣದೆ ಕೊನೆಗೊಂದು ದೊಡ್ಡ ಡ್ರಮ್ ತಂದನೇನೋ ಸರಿ, ಹಿಂಡುವ ಕೈ ಸುಮ್ಮನಿರಬೇಕಲ್ಲ! ಸಿಪ್ಪೆಯನ್ನೆಲ್ಲ ಇಡಿಯಾಗಿ ಸುರಿದು, ತುಳಿದು ಒತ್ತಿ, ಮುಚ್ಚಳ ಬಿಗಿದು ಮೇಲೆ ಕಲ್ಲು ಹೇರಿದ. ವಾರದ ಮೇಲೆ ತೆಗೆದಾಗ ಹೊರಬಂದ ನಾತಕ್ಕೆ ಎದುರು ಮನೆಯ ಗಡಿಯಾರ ನಿಂತುಹೋಯಿತು.

“ಲೋ, ಇದು ಗೊಬ್ಬರದ ಡ್ರಮ್ಮು ಕಣೋ, ನಿನ್ನ ಮಿಕ್ಸಿ ಅಲ್ಲ,” ಎಂದಳು ಅಕ್ಕ. “ಒಳಗಿರೋರು ಉಸಿರಾಡೋದು ಬೇಡ್ವಾ?”

“ಒಳಗೆ ಯಾರಿದಾರೆ ಅಕ್ಕಾ? ಬರೀ ಸಿಪ್ಪೆ.”

“ಸಿಪ್ಪೆ ತಿಂದು ಮಣ್ಣು ಮಾಡೋ ಜೀವಗಳಿದಾವೆ. ನಿನ್ ಕಣ್ಣಿಗೆ ಕಾಣ್ದೇ ಇದ್ರೆ ಅವು ಇಲ್ಲ ಅಂತಾನಾ?”

ಅವಳು ಡ್ರಮ್ಮಿಗೆ ಸುತ್ತಲೂ ತೂತು ಹೊಡೆಸಿದಳು. ಸಿಪ್ಪೆಯನ್ನು ಸಣ್ಣಗೆ ಕತ್ತರಿಸಲು ಹೇಳಿದಳು. ಮನೆಯ ತರಕಾರಿ ತುದಿ, ಬಾಳೆಸಿಪ್ಪೆ, ಚಹಾ ಚರಟ ಎಲ್ಲವನ್ನೂ ಅದರೊಡನೆ ಬೆರೆಸಿದಳು. ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ಒಣ ಎಲೆ, ಹರಿದ ರಟ್ಟು, ಪಕ್ಕದ ಬಡಗಿ ಕೊಟ್ಟ ಮರದ ಪುಡಿ. ಕಸದ ಪಸೆ, ಹಿಂಡಿದ ಒದ್ದೆ ಬಟ್ಟೆಯಲ್ಲಿರುವಷ್ಟೇ ಇರಬೇಕು, ಆಗಾಗ ಕೆದಕಿ ಗಾಳಿಯಾಡಿಸಬೇಕು. ರಸರಾಜ ಗೊಣಗಿದಾಗ ಅವನ ಹೆಂಡತಿ, “ಬಾಯಿಗಿಂತ ಚಾಕು ಜೋರಾಗಿ ಓಡ್ಲಿ ಕಣ್ರೀ,” ಎಂದಳು.

ಗಡುವಿನ ದಿನ ಬೆಳಗ್ಗೆ ಚಳಿ ಕೊರೆಯುತ್ತಿತ್ತು. ಒಡತಿ ಬಂದು ನಿಂತರು. ರಸರಾಜ ಮುಚ್ಚಳ ತೆಗೆದು ಕಸವನ್ನು ಕೆದಕಿದ. ಒಳಗಿನಿಂದ ಬೆಳ್ಳನೆಯ ಹಬೆ ಮೆಲ್ಲಗೆ ಎದ್ದಿತು.

“ಬೆಂಕಿ ಇಟ್ಟಿದೀಯೇನಪ್ಪಾ?” ಎಂದು ಒಡತಿ ಹಿಂದೆ ಸರಿದರು.

ರಸರಾಜ ಕಸದೊಳಗೆ ಕೈಯಿಟ್ಟ. ಇದಕ್ಕೆ ಉಪ್ಪು ಖಾರ ಹಚ್ಚಬೇಕಾಗಿಲ್ಲ: ಅದು ಬಿಸಿಯಾಗಿತ್ತು. ಕಡ್ಡಿ ಗೀರಿದವರಿಲ್ಲ, ಸೌದೆಯಿಲ್ಲ. ಜ್ವರ ಬಂದ ಮಗುವಿನ ಹಣೆಯಂತೆ ಕಾಯುತ್ತಿತ್ತು. ಕೋಟಿ ಕೋಟಿ ಜೀವಗಳು ಸದ್ದಿಲ್ಲದೆ ದುಡಿಯುತ್ತಿದ್ದ ಬಿಸಿ ಅದು. ಲೋಕವನ್ನೇ ಹಿಂಡಬಲ್ಲೆ ಎನ್ನುತ್ತಿದ್ದವನು ಕೈ ತೆಗೆಯದೆ ನಿಂತುಬಿಟ್ಟ.

ಒಡತಿ ಬಗ್ಗಿ ಮೂಸಿದರು. ನಾತವಿರಲಿಲ್ಲ, ನೆನೆದ ಮರದ ತೊಗಟೆಯ ವಾಸನೆ. ಅಂಗಡಿಯ ಮಾತೆತ್ತದೆ ಮಹಡಿ ಹತ್ತಿದರು. ಮತ್ತೆ ಇಳಿದಾಗ ಕೈಯಲ್ಲಿ ಅವರ ಅಡುಗೆಮನೆಯ ಬಕೆಟ್ಟು.

“ನಮ್ಮನೇದೂ ಹಾಕ್ಬಹುದಾ?”

ಬಂಧುಗಳೇ, ನೀವೂ ಕೈಯಿಟ್ಟು ನೋಡಿ. ತೂತಿರುವ ಡಬ್ಬ, ಕತ್ತರಿಸಿದ ಸಿಪ್ಪೆ, ಅದರ ಎರಡರಷ್ಟು ಒಣ ಕಸ, ಒಂದಿಷ್ಟು ಗಾಳಿ ಇದ್ದರೆ ಸಾಕು. ಮಾಂಸ, ಎಣ್ಣೆ, ಹಾಲು ಬೇಡ. ಡಬ್ಬ ಚಿಕ್ಕದಾದರೆ ಇಷ್ಟು ಬಿಸಿಯೇರದು, ಆದರೂ ಕೆಲವು ತಿಂಗಳಲ್ಲಿ ಕಪ್ಪು ಗೊಬ್ಬರವಾಗುತ್ತದೆ. ಇವತ್ತು ತಿಂದ ಹಣ್ಣಿನ ಸಿಪ್ಪೆಯಿಂದಲೇ ಶುರುಮಾಡಿ.