ಡೆಲ್ವಿನ್ ಹೂತ ದನಗಳು

ಸತ್ತ ದನವನ್ನು ತೋರಿಸಿದರೆ ಸರ್ಕಾರ ಪರಿಹಾರ ಕೊಡುತ್ತದೆ. ಕಾಣೆಯಾದ ದನಕ್ಕೆ ಕೊಡುವುದಿಲ್ಲ. ಇದನ್ನು ನನಗೆ ತಿಳಿಸಿದವಳು ಬೇಸಾಯ ಕಚೇರಿಯ ಮರಿಸೆಲಾ ಆರ್ಮೆಂದಾರಿಸ್. ನನ್ನ ಅಡುಗೆಮನೆಯ ಮೇಜಿನ ಮುಂದೆ ಕೂತು, ನಾನು ಕೊಟ್ಟ ಕಾಫಿಯನ್ನು ಮುಟ್ಟದೆ, ಮೆತ್ತಗೆ ಹೇಳಿದಳು. ಮೆತ್ತಗೆ ಮಾತಾಡುವ ಸರ್ಕಾರಿ ಜನರನ್ನು ನಾನು ನಂಬುವುದಿಲ್ಲ.

"ಬೆಂಕಿಗೇ ಸತ್ತಿದಾವೆ ಅಂತ ಗೊತ್ತಾಗ್ಬೇಕು ರೊಂಡಾ ಮೇಡಂ. ಹೆಣ ಇರ್ಬೇಕು. ಇಲ್ಲಾ ಕಣ್ಣಾರೆ ನೋಡಿದವರು ಯಾರಾದ್ರೂ ಬಂದು ಹೇಳ್ಬೇಕು. ನಿಮ್ಮ ಕಡೆಯವರೇ ಹೇಳಿದ್ರೆ ಆಗಲ್ಲ."

"ನಲವತ್ತು ಹಸು ಎಲ್ಲಿಗೆ ಹೋಗ್ತವೆ ತಾಯಿ? ಸಿನಿಮಾ ನೋಡೋಕೆ ಹೋಗಿದಾವಾ?"

"ಬೇಲಿಯೆಲ್ಲ ಸುಟ್ಟಿದೆ. ತಪ್ಪಿಸ್ಕೊಂಡು ಹೋಗಿರ್ಬಹುದು. ಕಳ್ಳರು ಟ್ರೇಲರ್ ಹಾಕ್ಕೊಂಡು ಸುತ್ತಾ ಇದಾರಂತೆ, ಶೆರಿಫ್ ಹೇಳ್ತಿದ್ರು."

ಅವಳು ಹೋದ ಮೇಲೆ ಅವಳ ಕಾಫಿಯನ್ನು ನಾನೇ ಕುಡಿದೆ.

ಬಯಲಿನ ಒಣಹುಲ್ಲಿಗೆ ಹತ್ತಿದ ಆ ಬೆಂಕಿ ಬಂದದ್ದು ಫೆಬ್ರವರಿಯ ಕೊನೆಯಲ್ಲಿ. ಮಧ್ಯಾಹ್ನ ಪಡುವಣ ಗಾಳಿಗೆ ನಮ್ಮ ಪಕ್ಕದಲ್ಲೇ ಹಾದುಹೋಯಿತು ಎಂದು ಉಸಿರು ಬಿಡುವಷ್ಟರಲ್ಲಿ ಗಾಳಿ ತಿರುಗಿ ಬಡಗಣದಿಂದ ಬೀಸಿತು. ಆಗ ನಾನು ಕುದುರೆಗಳನ್ನು ಪಟ್ಟಣದ ಜಾತ್ರೆ ಮೈದಾನಕ್ಕೆ ಸಾಗಿಸಿ ವಾಪಸು ಬರುತ್ತಿದ್ದೆ. ಹೆದ್ದಾರಿಯಲ್ಲಿ ಪೊಲೀಸರು ಅಡ್ಡಗಟ್ಟಿದರು. ಎಷ್ಟು ಬೈದರೂ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಮನೆ ನಿಂತಿತ್ತು, ಹುಲ್ಲು ಇರಲಿಲ್ಲ. ತೆಂಕಣ ಹುಲ್ಲುಗಾವಲಿನ ದನಗಳು ಹಳ್ಳದ ಮರಳಲ್ಲಿ ನಿಂತು ಬದುಕಿಕೊಂಡಿದ್ದವು. ಗೊರಸು ಕಳಚಿದ್ದ ಕೆಲವನ್ನು ನಾನೇ ಬಂದೂಕಿನಿಂದ ಮುಗಿಸಿದೆ. ಬಡಗಣ ಹುಲ್ಲುಗಾವಲಿನಲ್ಲಿ ಮಾತ್ರ ಏನೂ ಇರಲಿಲ್ಲ. ಬದುಕಿದ್ದೂ ಇಲ್ಲ, ಸತ್ತದ್ದೂ ಇಲ್ಲ. ಕಪ್ಪು ನೆಲ, ಅಷ್ಟೇ.

ಅಪ್ಪ ಬೆಳೆಸಿದ ಹಿಂಡು ಅದು. ಗಂಡ ನನ್ನನ್ನು ಬಿಟ್ಟುಹೋದಾಗ ಹೊಸ ಪಿಕಪ್ ಅವನ ಪಾಲಿಗೆ, ದನ ನನ್ನ ಪಾಲಿಗೆ ಬಂತು. ಗೆದ್ದವಳು ನಾನೇ ಎಂದುಕೊಂಡಿದ್ದೆ. ಈಗ ಆ ನಲವತ್ತು ಹಸುಗಳು ಸತ್ತಿವೆ ಎಂದು ತೋರಿಸದಿದ್ದರೆ ಮತ್ತೆ ಹಸು ಕೊಳ್ಳುವ ದಾರಿಯಿಲ್ಲ. ಉಳಿದ ಅಷ್ಟಿಷ್ಟು ದನದಲ್ಲಿ ಈ ನೆಲವನ್ನು ಹಿಡಿದುಕೊಳ್ಳುವುದು ಆಗದ ಮಾತು.

ಮೊದಲು ಕಳ್ಳರನ್ನೇ ಹುಡುಕಿದೆ. ಸುತ್ತಲಿನ ದನದ ಸಂತೆಗಳಿಗೆಲ್ಲ ಹೋಗಿ ಕಟಕಟೆಯ ಮೇಲೆ ನಿಂತು ಒಂದೊಂದರ ಎಡತೊಡೆಯನ್ನೂ ನೋಡಿದೆ. ನನ್ನ ದನಕ್ಕೆ ಹಾಕಿದ ಗುರುತಿನ ಬರೆ ಅರ್ಧಚಂದ್ರ, ಅದರ ಕೆಳಗೊಂದು ಅಡ್ಡಗೀಟು. ಎಲ್ಲಿಯೂ ಕಾಣಲಿಲ್ಲ. ಸುಟ್ಟ ವಾಸನೆಯ ದನವನ್ನು ಈ ತಿಂಗಳು ಯಾವ ಮೂರ್ಖ ಕದಿಯುತ್ತಾನೆ ಎಂದು ಸಂತೆಯವನೊಬ್ಬ ನಕ್ಕ. ಅವನು ಹೇಳಿದ್ದು ಸರಿಯೆನಿಸಿತು. ಸರಿಯೆನಿಸಿದ್ದಕ್ಕೇ ಅವನ ಮೇಲೆ ಸಿಟ್ಟು ಬಂತು.

ಆಮೇಲೆ ಚರ್ಚಿನ ಅಂಗಳದಲ್ಲಿ ಜೂಡಿ ಕ್ಲೆಮ್ ಸಿಕ್ಕಳು. ದೂರದ ರಾಜ್ಯಗಳ ರೈತರು ಲಾರಿ ಲಾರಿ ಹುಲ್ಲಿನ ಸುರುಳಿ ಕಳಿಸಿದ್ದರು, ಅದನ್ನು ಅಲ್ಲಿ ಹಂಚುತ್ತಿದ್ದರು. ಜೂಡಿ ಹುರುಳಿಕಾಯಿ ಸಾರಿನ ದೊಡ್ಡ ಪಾತ್ರೆಯ ಹಿಂದೆ ಸೌಟು ಹಿಡಿದು ನಿಂತಿದ್ದಳು. ಊರಿನ ಸುದ್ದಿಯೆಲ್ಲ ಆ ಸೌಟಿನ ಜೊತೆಗೇ ಬೀಳುತ್ತದೆ.

"ನಿನ್ನ ಪಕ್ಕದವನು ಭಾರಿ ಚುರುಕಾಗ್ಬಿಟ್ಟಿದಾನೆ ಕಣೇ" ಎಂದಳು. "ಡೆಲ್ವಿನ್ ಪ್ರೂಟ್. ಬೆಂಕಿ ಆರಿದ ರಾತ್ರೀನೇ ಗುಂಡಿ ತೋಡಿ ದನ ಎಲ್ಲಾ ಹೂತುಬಿಟ್ಟನಂತೆ."

"ಕಚೇರಿಯವರು ಬಂದು ನೋಡೋಕೆ ಮುಂಚೇನಾ?"

"ಹೂಂ. ನಮ್ಮವರೆಲ್ಲ ಮೂಗು ಮುಚ್ಕೊಂಡು ಕಾಯ್ತಾ ಕೂತಿದ್ರೆ, ಅವನು ಆಗ್ಲೇ ಮಣ್ಣು ಮುಚ್ಚಿ ಸಮ ಮಾಡಿದಾನೆ. ಏನ್ ವಾಸ್ನೆ ತಡಿಯೋಕಾಗ್ಲಿಲ್ವೋ ಏನೋ, ಪಾಪ."

ಡೆಲ್ವಿನ್‌ಗೆ ವಾಸನೆಯೊಂದು ಲೆಕ್ಕವೇ. ಅವನ ಟ್ರಾಕ್ಟರಿನ ಸೀಟು ಹರಿದು ಎಷ್ಟೋ ವರ್ಷವಾಯಿತು, ಈಗಲೂ ಮೇವಿನ ಚೀಲ ಹಾಸಿಕೊಂಡೇ ಕೂರುತ್ತಾನೆ. ಯಾವ ಕೆಲಸವನ್ನೂ ನಾಳೆಗಿಂತ ಮುಂಚೆ ಮಾಡಿದವನಲ್ಲ. ಅಂಥವನು ಅಷ್ಟು ಅವಸರದಲ್ಲಿ ಗುಂಡಿ ತೋಡಿದನೆಂದರೆ ಗುಂಡಿಯಲ್ಲಿ ಏನೋ ಇದೆ.

ಅವನು ಹುಲ್ಲಿನ ಸಾಲಿನಲ್ಲೇ ನಿಂತಿದ್ದ. ಉದ್ದನೆಯ ಮನುಷ್ಯ, ಅರವತ್ತು ದಾಟಿದವನು, ಹುಬ್ಬು ಸುಟ್ಟುಹೋಗಿ ಮುಖ ಬೋಳಾಗಿತ್ತು. ನಾನು ನೇರ ಹೋಗಿ ನಿಂತೆ.

"ನನ್ನ ಹಸು ಕಂಡ್ಯೇನೋ ಡೆಲ್ವಿನ್?"

"ನಿನ್ನ ಹಸು ನಾನ್ಯಾಕೆ ನೋಡ್ಲಿ ರೊಂಡಾ."

"ಪಕ್ಕದಲ್ಲೇ ಇದ್ದೀಯಲ್ಲ, ಅದಕ್ಕೆ ಕೇಳ್ದೆ. ಗುಂಡಿಗೆ ಎಷ್ಟು ಹಾಕ್ದೆ?"

"ಎಣಿಸಿಲ್ಲ." ಅವನು ನನ್ನ ಟೋಪಿಯನ್ನು ನೋಡುತ್ತ ಮಾತಾಡಿದ, ಕಣ್ಣನ್ನಲ್ಲ. "ನನ್ನ ಪಾಲಿನ ಹುಲ್ಲೂ ನೀನೇ ತಗೊಂಡ್ಹೋಗು. ನನಗೆ ಗೋಧಿ ಹೊಲ ಇದೆ, ಹಸುರಾಗಿದೆ, ಸಾಕು."

ಮೂವತ್ತು ವರ್ಷದ ನೆರೆಹೊರೆಯಲ್ಲಿ ಡೆಲ್ವಿನ್ ನನಗೆ ಒಂದು ಮೊಳೆಯನ್ನೂ ಪುಕ್ಕಟೆ ಕೊಟ್ಟವನಲ್ಲ. ಈಗ ಎರಡು ಸುರುಳಿ ಹುಲ್ಲು ಕೊಡುತ್ತಾನೆ. ಹುಲ್ಲು ತೆಗೆದುಕೊಂಡೆ, ದನಕ್ಕೆ ಹಸಿವಿತ್ತು. ಅವನ ಮೇಲಿದ್ದ ನಂಬಿಕೆಯನ್ನು ಅಲ್ಲೇ ಬಿಟ್ಟುಬಂದೆ.

ಮರುದಿನ, ಬೆಂಕಿಯ ನಂತರ ಮೊದಲ ಸಲ, ನಮ್ಮಿಬ್ಬರ ನಡುವಿನ ಬೇಲಿಗುಂಟ ಮೂಲೆಯವರೆಗೂ ನಡೆದೆ. ಬೂದಿ ಬೂಟಿನೊಳಗೆ ಹೋಗುತ್ತಿತ್ತು. ಮರದ ಗೂಟಗಳೆಲ್ಲ ಸುಟ್ಟು ತಂತಿ ನೆಲಕ್ಕೆ ಜೋತಿತ್ತು. ಬಡಗಣ ಮೂಲೆಯಲ್ಲಿ, ಅವನ ಗೋಧಿ ಹೊಲ ಶುರುವಾಗುವಲ್ಲಿ, ಕಬ್ಬಿಣದ ಗೂಟಗಳಿದ್ದವು. ಅವು ಸುಟ್ಟಿರಲಿಲ್ಲ, ಅವನ ಕಡೆಗೆ ವಾಲಿದ್ದವು. ನನ್ನ ಕಡೆಯಿಂದ ಯಾವುದೋ ದೊಡ್ಡ ಭಾರ ಒರಗಿದ ಹಾಗೆ. ತಂತಿಯ ಮುಳ್ಳುಗಳಲ್ಲಿ ಕಪ್ಪು ಕೂದಲು ಕರಗಿ ಅಂಟಿಕೊಂಡಿತ್ತು. ನನ್ನ ಹಸುಗಳು ಕಪ್ಪು. ಡೆಲ್ವಿನ್‌ನವು ಕೆಂಪು, ಬಿಳಿ ಮುಖ.

ನೆಲ ನೋಡಿದೆ. ನನ್ನ ಕಡೆಯ ನೆಲದಲ್ಲಿ ಬೂದಿಯಿರಲಿಲ್ಲ. ಮಣ್ಣು ತೋಡುವ ಯಂತ್ರದ ಬಾಯಿ ಕೆರೆದು ಕೆರೆದು ಮಣ್ಣು ಕೆಂಪಗೆ ಎದ್ದಿತ್ತು. ಚಕ್ರದ ಗುರುತು ತಂತಿಯನ್ನು ತುಳಿದುಕೊಂಡು ಅವನ ಹೊಲದ ಅಂಚಿಗೆ, ಅಲ್ಲಿಂದ ಗುಂಡಿ ಮುಚ್ಚಿದ ಮಣ್ಣಿನ ದಿಬ್ಬಕ್ಕೆ ಹೋಗಿತ್ತು. ನನ್ನ ನೆಲಕ್ಕೆ ಬಂದು, ನನ್ನ ಹಸುಗಳನ್ನು ಎತ್ತಿಕೊಂಡು ಹೋಗಿ ತನ್ನ ಗುಂಡಿಗೆ ಹಾಕಿಕೊಂಡಿದ್ದಾನೆ. ಸತ್ತ ದನಕ್ಕೂ ಕಳ್ಳ.

ಅಲ್ಲಿಂದಲೇ ಮರಿಸೆಲಾಗೆ ಫೋನ್ ಹಚ್ಚಿದೆ.

"ನನ್ನ ಹಸುಗಳಿಗೆ ಡೆಲ್ವಿನ್ ಪ್ರೂಟ್ ಪರಿಹಾರ ತಗೊಳ್ತಾ ಇದಾನೆ. ಅವನ ಹೆಸರಲ್ಲಿ ಒಂದು ಕಾಸೂ ಹೊರಡ್ಬಾರ್ದು, ಹೇಳಿದೀನಿ."

"ಬೇರೆಯವರ ವಿಷಯ ನಾನು ಹೇಳೋ ಹಾಗಿಲ್ಲ ಮೇಡಂ."

"ಹಾಗಾದ್ರೆ ಶೆರಿಫ್‌ಗೆ ಹೇಳ್ತೀನಿ. ಬಂದೂಕೂ ತಗೊಂಡೇ ಹೋಗ್ತೀನಿ."

"ಅಯ್ಯೋ, ತಡೀರಿ. ಇಷ್ಟು ಮಾತ್ರ ಹೇಳ್ತೀನಿ. ಅವರು ನಮ್ಮ ಕಚೇರಿ ಮೆಟ್ಲು ಹತ್ತೇ ಇಲ್ಲ. ಅರ್ಜಿ ಹಾಕಿ ಅಂತ ನಾನೇ ಎರಡು ಸಲ ಕರೆದೆ, ಬೇಡ ಅಂದ್ರು."

ಫೋನ್ ಜೇಬಿಗಿಟ್ಟು ಆ ದಿಬ್ಬವನ್ನೇ ನೋಡುತ್ತ ನಿಂತೆ. ಹಣ ಬೇಕಾಗಿ ಕದ್ದವನನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ತನ್ನ ಸತ್ತ ದನಕ್ಕೂ ಪರಿಹಾರ ಬೇಡವೆನ್ನುವ ರೈತನನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಸರ್ಕಾರವನ್ನು ದಿನವಿಡೀ ಬೈಯುವ ಡೆಲ್ವಿನ್ ಅದರ ಚೆಕ್ಕನ್ನು ಯಾವತ್ತೂ ಬೈದವನಲ್ಲ. ಅರ್ಜಿ ಹಾಕಿದರೆ ಗುಂಡಿ ತೆಗೆಸಬೇಕಾಗುತ್ತದೆ. ಅದಕ್ಕೇ ಹಾಕಿಲ್ಲ. ಹಾಗಾದರೆ ಹಣಕ್ಕಿಂತ ಕೆಟ್ಟದ್ದು ಏನೋ ಆ ಮಣ್ಣಿನ ಕೆಳಗಿದೆ.

ನಾನು ಹೋದಾಗ ಡೆಲ್ವಿನ್ ತನ್ನ ಕೊಟ್ಟಿಗೆಯ ಮುಂದೆ ಮಣ್ಣು ತೋಡುವ ಯಂತ್ರಕ್ಕೆ ಗ್ರೀಸು ತುಂಬುತ್ತಿದ್ದ. ಬಂದೂಕು ಪಿಕಪ್‌ನಲ್ಲೇ ಇತ್ತು. ಅಲ್ಲೇ ಇರಲಿ ಎಂದು ಬಿಟ್ಟೆ.

"ಮೂಲೆ ನೋಡ್ಬಂದೆ" ಎಂದೆ.

ಅವನು ಗ್ರೀಸಿನ ಕೈಯನ್ನು ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

"ಯಾವತ್ತಾದ್ರೂ ಬರ್ತೀಯ ಅಂತ ಗೊತ್ತಿತ್ತು."

"ಬಾಯಿ ಬಿಡು ಮತ್ತೆ."

"ಹೂಟರ್" ಎಂದ.

ಈ ಕಡೆ ಚಳಿಗಾಲದಲ್ಲಿ ದನಕ್ಕೆ ಹಿಂಡಿ ಹಾಕಲು ಹೋದಾಗ ಪಿಕಪ್‌ನ ಹೂಟರ್ ಕೂಗಿಸುತ್ತೇವೆ. ಕೂಗು ಕೇಳಿದರೆ ಹಿಂಡಿ ಬಂತೆಂದು ದನಗಳು ಎಲ್ಲಿದ್ದರೂ ಓಡಿ ಬರುತ್ತವೆ. ಕರು ಮೊಲೆ ಬಿಟ್ಟು ಬರುತ್ತದೆ, ತಾಯಿ ಕರುವನ್ನು ಬಿಟ್ಟು ಬರುತ್ತದೆ. ನನ್ನದೂ ಡೆಲ್ವಿನ್‌ನದೂ ಒಂದೇ ಹೂಟರ್. ಜೋಡಿ ಕೊಂಡರೆ ಅಗ್ಗ ಎಂದು ಅಂಗಡಿಯವನು ಆಸೆ ತೋರಿಸಿದಾಗ ಇಬ್ಬರೂ ಸೇರಿ ಕೊಂಡಿದ್ದೆವು. ಆಮೇಲೆ ಎಷ್ಟೋ ಬೆಳಿಗ್ಗೆ ಅವನು ಕೂಗಿಸಿದರೆ ನನ್ನ ಹಸುಗಳು ಬೇಲಿಗೆ ಬಂದು ಮೂತಿ ಚಾಚಿ ನಿಲ್ಲುತ್ತಿದ್ದವು. ನಿನ್ನಂಥವೇ ಬೆಪ್ಪು ದನ ಎಂದು ಅವನು ನಗುತ್ತಿದ್ದ.

"ಗಾಳಿ ತಿರುಗ್ತಲ್ಲ, ಆಗ ನಾನು ಗೋಧಿ ಹೊಲದ ನಡುವೆ ನಿಂತು ಕೂಗಿಸ್ದೆ" ಎಂದ ಡೆಲ್ವಿನ್. "ಹಸಿರು ಗೋಧಿ ಉರಿಯಲ್ಲ. ನನ್ನವು ಬರೋಕೆ ಶುರುವಾದ್ವು. ನಿನ್ನವೂ ಬಂದ್ವು. ಬೇಲಿ ಆಚೆ ಸಾಲಾಗಿ ನಿಂತ್ವು, ಹಿಂಡಿಗೆ."

"ನೋಡ್ದ್ಯಾ?"

"ನೋಡ್ದೆ."

"ಹೂಟರ್ ನಿಲ್ಲಿಸ್ಬಾರ್ದಾಗಿತ್ತಾ? ನಿಲ್ಲಿಸಿದ್ರೆ ಹಳ್ಳದ ಕಡೆ ಓಡ್ತಿದ್ವು. ತೆಂಕಲಿನವು ಹಾಗೇ ಬದುಕಿದ್ದು."

"ನಿಲ್ಲಿಸಿದ್ರೆ ನನ್ನವು ಅರ್ಧ ದಾರೀಲೇ ನಿಲ್ತಿದ್ವು ರೊಂಡಾ. ಇನ್ನೂ ಅರ್ಧ ಬಂದಿರ್ಲಿಲ್ಲ."

"ಇಕ್ಕಳ ಎಲ್ಲಿತ್ತು?"

ಬೇಲಿ ತಂತಿ ಕತ್ತರಿಸುವ ಇಕ್ಕಳವಿಲ್ಲದೆ ಈ ಕಡೆ ಯಾರೂ ಪಿಕಪ್ ಹತ್ತುವುದಿಲ್ಲ. ಚರ್ಚಿಗೆ ಹೋಗುವಾಗಲೂ ಅದು ಸೀಟಿನ ಕೆಳಗಿರುತ್ತದೆ.

"ಇತ್ತು. ತಗೊಂಡು ಓಡ್ದೆ. ಹೊಗೆ ಬಂತು, ಏನೂ ಕಾಣ್ಲಿಲ್ಲ." ಬೋಳು ಹುಬ್ಬನ್ನು ಬೆರಳಲ್ಲಿ ಸವರಿಕೊಂಡ. "ಹತ್ರ ಹೋಗೋಕಾಗ್ಲಿಲ್ಲ."

ಎಷ್ಟು ಹತ್ತಿರ ಹೋಗಿದ್ದ, ಯಾವಾಗ ಓಡಿದ, ತನ್ನ ಕೊನೆಯ ಹಸು ಒಳಗೆ ಬಂದ ಮೇಲೋ ಮುಂಚೆಯೋ, ಅದನ್ನು ಹೇಳುವವರು ಬೇರೆ ಯಾರೂ ಇಲ್ಲ. ಹುಬ್ಬು ಎಲ್ಲಿ ಬೇಕಾದರೂ ಸುಡಬಹುದು.

"ಹೂತಿದ್ಯಾಕೆ?"

"ನೀನು ಬಂದು ಆ ಸಾಲು ನೋಡ್ಬಾರ್ದು ಅಂತ."

"ನನ್ನ ಮೇಲಿನ ಕರುಣೆಗೋ, ನಿನ್ನ ಮಾನಕ್ಕೋ?"

ಅವನು ಗ್ರೀಸಿನ ಡಬ್ಬಿಗೆ ಮುಚ್ಚಳ ಹಾಕಿದ. ಏನು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ.

"ನಾಳೆ ಆ ಕಚೇರಿ ಹುಡುಗೀನ ಕರ್ಕೊಂಡು ಬರ್ತೀನಿ" ಎಂದೆ. "ಗುಂಡಿ ತೆಗಿ. ನೋಡಿದ್ದನ್ನ ನೋಡಿದ ಹಾಗೇ ಹೇಳು. ಒಂದು ಮಾತು ಆಚೆ ಈಚೆ ಆದ್ರೆ ನಿನ್ನನ್ನೇ ಅದರೊಳಗೆ ಮಲಗಿಸ್ತೀನಿ."

"ಹೇಳಿದ್ರೆ ನಿನ್ನ ಪರಿಹಾರಕ್ಕೇ ಕಲ್ಲು ಬಿದ್ರೆ? ಬೆಂಕಿ ಕೊಂದಿದ್ದಲ್ಲ, ಪಕ್ಕದ ಮನೆಯವನು ಕೊಂದಿದ್ದು ಅಂತ ಬರ್ಕೊಂಡ್ರೆ?"

ಇದು ನನಗೂ ಹೊಳೆದಿತ್ತು. ಅವನ ಬಾಯಲ್ಲಿ ಕೇಳಿದಾಗ ಮಾತ್ರ ಇದು ಬುದ್ಧಿಮಾತೋ ನುಣುಚಿಕೊಳ್ಳುವ ದಾರಿಯೋ ತಿಳಿಯದಾಯಿತು. ಹೂಟರಿನ ಮಾತೆತ್ತದೆ ನಾವಿಬ್ಬರೂ ಸುಮ್ಮನಿದ್ದರೆ ಇಬ್ಬರಿಗೂ ಲಾಭ. ಅದರಲ್ಲೇ ಏನೋ ಕೊಳೆತಿದೆ ಎನಿಸಿತು.

"ಹೇಳು" ಎಂದೆ.

ಮರುದಿನ ಮರಿಸೆಲಾ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗುಂಡಿಯ ಅಂಚಿನಲ್ಲಿ ನಿಂತಳು. ಡೆಲ್ವಿನ್ ಮಣ್ಣನ್ನು ಪದರ ಪದರವಾಗಿ, ಕೆಳಗಿನ ಮೈಗೆ ಯಂತ್ರದ ಹಲ್ಲು ತಾಗದಂತೆ ಎತ್ತಿದ. ಮೊದಲು ಅವನ ಕೆಂಪು ಹಸುಗಳು ಕಂಡವು, ನಾಲ್ಕೈದು. ಅವುಗಳ ಕೆಳಗೆ ಕಪ್ಪು. ನಾನೇ ಇಳಿದು ಗುದ್ದಲಿಯಲ್ಲಿ ಮಣ್ಣು ಸರಿಸಿ ತೊಡೆಯ ಬರೆ ತೋರಿಸಿದೆ. ಕೂದಲು ಸುಟ್ಟರೂ ಬರೆ ಅಳಿಯುವುದಿಲ್ಲ. ಅವಳು ಫೋಟೋ ತೆಗೆದಳು, ನಡುವೆ ಒಮ್ಮೆ ಹೋಗಿ ವಾಂತಿ ಮಾಡಿ ಬಂದು ಮತ್ತೆ ತೆಗೆದಳು. ಆ ಹೊತ್ತಿಗೆ ಅವಳ ಮೇಲೆ ನನಗೆ ಸ್ವಲ್ಪ ನಂಬಿಕೆ ಹುಟ್ಟಿತು.

ಡೆಲ್ವಿನ್ ಟೋಪಿ ತೆಗೆದು ಎಲ್ಲವನ್ನೂ ಹೇಳಿದ. ಹೂಟರ್, ಬೇಲಿ, ಹೊಗೆ. ನನಗೆ ಹೇಳಿದ ಮಾತುಗಳೇ, ಅದೇ ಸಾಲಿನಲ್ಲಿ. ರಾತ್ರಿಯೆಲ್ಲ ಬಾಯಿಪಾಠ ಮಾಡಿದವನ ಹಾಗೆ ಕೇಳಿಸಿತು. ನಿಜ ಹೇಳುವವನ ಮಾತೂ ಹಾಗೇ ಕೇಳಿಸಬಹುದು.

ಮರಿಸೆಲಾ ಕೊನೆಯವರೆಗೂ ಕೇಳಿಸಿಕೊಂಡಳು.

"ಇವುಗಳಿಗೆ ಬೆಂಕಿ ಹಚ್ಚಿದ್ದು ನೀವಾ?"

"ಇಲ್ಲ."

"ಹಾಗಾದ್ರೆ ಬೆಂಕಿಗೇ ಸತ್ತಿದಾವೆ. ನೀವು ಕಂಡಿದೀರ, ಅಷ್ಟು ಸಾಕು. ಉಳಿದಿದ್ದು ನಮ್ಮ ಕಚೇರಿಗೆ ಸೇರಿದ್ದಲ್ಲ." ನನ್ನ ಕಡೆ ತಿರುಗಿದಳು. "ಪರಿಹಾರ ಬರುತ್ತೆ ರೊಂಡಾ ಮೇಡಂ. ತಡ ಆಗಬಹುದು, ಬರುತ್ತೆ."

ತಡವಾಗಿಯೇ ಬಂತು, ಆದರೆ ಬಂತು. ಬೇಸಿಗೆಯ ಕೊನೆಗೆ ಬಡಗಣ ಹುಲ್ಲುಗಾವಲಿಗೆ ಎಳೆಯ ಹಸುಗಳನ್ನು ಬಿಟ್ಟೆ. ಡೆಲ್ವಿನ್ ತನ್ನ ಸತ್ತ ನಾಲ್ಕೈದಕ್ಕೆ ಕೊನೆಗೂ ಅರ್ಜಿ ಹಾಕಲಿಲ್ಲ. ಅದು ಪಶ್ಚಾತ್ತಾಪವೋ, ನನ್ನ ಬಾಯಿ ಮುಚ್ಚಿಸುವ ಉಪಾಯವೋ, ನಾನು ಕೇಳಲಿಲ್ಲ.

ಸುಟ್ಟ ಬೇಲಿ ಮತ್ತೆ ಕಟ್ಟಲೂ ಸರ್ಕಾರ ಪಾಲು ಕೊಡುತ್ತದೆ. ಆ ಮೂಲೆಗೆ ಗೂಟ ಹೂಳುವ ದಿನ ಡೆಲ್ವಿನ್ ಬಂದ, ಪಿಕಪ್‌ನಲ್ಲಿ ಹನ್ನೆರಡು ಅಡಿಯ ಹೊಸ ಗೇಟು. ಬೇಲಿ ಇದ್ದ ಹಾಗೇ ಕಟ್ಟಿದರೆ ಮಾತ್ರ ಸರ್ಕಾರದ ಪಾಲು, ಗೇಟಿಗೆ ಇಲ್ಲ. ಅವನೇ ಕೊಂಡಿದ್ದ. ನಾನು ಬೇಡವೆನ್ನಲಿಲ್ಲ, ಥ್ಯಾಂಕ್ಸೂ ಹೇಳಲಿಲ್ಲ. ಇಬ್ಬರೂ ಸೇರಿ ನೇತುಹಾಕಿದೆವು.

"ಚಿಲಕ ನಿನ್ನ ಕಡೆ ಹಾಕ್ಲಾ?" ಎಂದ. "ನಿನ್ನ ದನ, ನಿನ್ನ ಕೈಯಲ್ಲಿರ್ಲಿ."

"ಬೇಡ. ಎರಡೂ ಕಡೆಯಿಂದ ತೆಗಿಯೋ ಹಾಗೆ ಹಾಕು."

"ನನ್ನ ಮೇಲೆ ಅಷ್ಟು ನಂಬಿಕೆ ಬಂತಾ?"

"ನಂಬಿಕೆ ಅಲ್ಲ ಕಣಯ್ಯ. ಮುಂದಿನ ಸಲ ಹತ್ರ ಹೋಗೋಕಾಗ್ಲಿಲ್ಲ ಅನ್ನೋ ಮಾತು ನಿನಗೆ ಉಳಿಯಬಾರ್ದು."

ಅವನು ಚಿಲಕದ ಸರಪಳಿಯ ಮೊಳೆ ಬಿಗಿದ. ಬಿಗಿದು ಮುಗಿಸಿದ ಮೇಲೆ ನಾನು ಗೇಟು ದಾಟಿ ಅವನ ಹೊಲದಲ್ಲಿ ನಿಂತು, ಕೈಗವಸು ತೆಗೆದು, ಹೊಗೆಯಲ್ಲಿ ನಿಂತವಳ ಹಾಗೆ ಕಣ್ಣು ಮುಚ್ಚಿಕೊಂಡು ಚಿಲಕ ಹುಡುಕಿದೆ. ಒಂದೇ ಕೈಗೆ ತೆರೆದುಕೊಂಡಿತು.

"ಈಗ ನೀನು ಮಾಡಿ ತೋರ್ಸು" ಎಂದೆ.