ಬಲಗೆನ್ನೆಯ ಮಚ್ಚೆ

ಬೆಳಗಿನ ಐದೂ ಹತ್ತಕ್ಕೆ ಹಬೀಬ್ ಸಾಬ್ ತೀರಿಕೊಂಡರು. ಎಂಟು ಗಂಟೆಗೆ ಅವರ ತಮ್ಮ ನಿಯಾಜ್ ಅಹಮದ್ ಒಳಗಿನಿಂದ ಒಂದೊಂದೇ ಚಿತ್ರ ಹೊತ್ತು ತಂದು ಬೀದಿಯ ಗೋಡೆಗೆ ಒರಗಿಸುತ್ತಿದ್ದ. ಮುಖದ ಚಿತ್ರಗಳಿರುವ ಮನೆಯಲ್ಲಿ ಮಯ್ಯತ್ತಿಗೆ, ಅಂದರೆ ಶವಕ್ಕೆ, ಸ್ನಾನ ಮಾಡಿಸುವುದು ಬೇಡ ಎಂದು ಮಸೀದಿಯಿಂದ ಬಂದ ಹಿರಿಯರು ಹೇಳಿದ್ದರು. ಒಟ್ಟು ಹದಿನೆಂಟು ಚಿತ್ರಗಳು. ಎಲ್ಲದರಲ್ಲೂ ಒಬ್ಬನೇ ನಟ, ಹೆಣ್ಣಿನ ವೇಷದಲ್ಲಿ. ಪ್ರತಿಯೊಂದರ ಕೆಳಗೂ ಅವನ ಹೆಸರು: ಕಾಡಸಿದ್ದಪ್ಪ.

ಅದು 1963ರ ನವೆಂಬರಿನ ಒಂದು ಶುಕ್ರವಾರ. ಜುಮ್ಮಾ ನಮಾಜು ಮುಗಿದ ಮೇಲೆ ಮಣ್ಣು ಎಂದು ತೀರ್ಮಾನವಾಗಿತ್ತು. ಅದೇ ಸಂಜೆ ನಾಲ್ಕಕ್ಕೆ ಮಧುಗಿರಿಯ ಒಂದು ಛತ್ರದಲ್ಲಿ ಈ ಚಿತ್ರಗಳ ಪ್ರದರ್ಶನವಿತ್ತು. ಕರಪತ್ರ ಹಂಚಿಯಾಗಿತ್ತು. ಸಿರಾ ಪೇಟೆಯಲ್ಲಿ ನಲವತ್ತು ವರ್ಷ ಅಂಗಡಿ ಬೋರ್ಡು, ಲಾರಿ ನಂಬರು, ನಾಟಕದ ಪರದೆ ಬರೆದ ಹಬೀಬ್ ಸಾಬರಿಗೆ ಅದೇ ಮೊದಲ ಪ್ರದರ್ಶನ.

ಬೀದಿಯಲ್ಲಿ ಜನ ಸೇರತೊಡಗಿದರು.

"ಮಯ್ಯತ್ ನೋಡಕ್ ಬಂದೋರೆಲ್ಲ ಹೆಂಗಸಿನ ಪಟ ನೋಡ್ಕೊಂಡು ನಿಂತವ್ರಲ್ಲಪ್ಪ," ಎಂದ ಪಕ್ಕದ ಅಂಗಡಿಯ ಟೈಲರ್.

"ಹೆಂಗಸಲ್ಲ ಕಣ್ಲಾ, ಗಂಡಸು," ಎಂದ ಜಟಕಾದವನು.

"ಅಂಗಾದ್ರೆ ಇನ್ನೂ ಕಷ್ಟ ಬುಡು."

ನಿಯಾಜ್ ಬಾಗಿಲ ಪರದೆಯ ಬಳಿ ನಿಂತು ದನಿ ತಗ್ಗಿಸಿದ. "ಭಾಬಿ, ಮಧುಗಿರಿಗೆ ತಂತಿ ಕೊಟ್ಬಿಡ್ತೀನಿ. ಪ್ರದರ್ಶನ ಇಲ್ಲ ಅಂತ."

ಪರದೆಯ ಒಳಗಿದ್ದವರು ಹಬೀಬ್ ಸಾಬರ ಹೆಂಡತಿ ಹಮೀದುನ್ನೀಸಾ. ವಿಧವೆಯ ಇದ್ದತ್ತಿನ ಕಟ್ಟಳೆಯಂತೆ ಇನ್ನು ನಾಲ್ಕು ತಿಂಗಳು ಹತ್ತು ದಿನ ಅವರು ಹೊಸ್ತಿಲು ದಾಟುವಂತಿರಲಿಲ್ಲ. ಹೊರಗಿನ ಗಂಡಸರ ಎದುರಿಗೂ ಬರುವಂತಿರಲಿಲ್ಲ.

"ಏಳು ವರ್ಷ ಬರ್ದಿದಾರೆ ನಿಮ್ಮಣ್ಣ. ಇವತ್ತು ಹೋಗ್ದಿದ್ರೆ ಇವು ಯಾವತ್ತೂ ಹೋಗಲ್ಲ. ಒಂದು ಗಂಟೆ ಬಸ್ಸಿಗೆ ಹಾಕು."

"ಯಾರು ತಗೊಂಡ್ಹೋಗೋದು? ಜನಾಜಾ, ಮಣ್ಣು ಎಲ್ಲ ಬಿಟ್ಟು ನಾನು ಹೋಗ್ಲಾ?"

"ನಾನೋಯ್ತೀನಿ ಕಣಪ್ಪ," ಎಂದಳು ಜಗಲಿಯಲ್ಲಿ ಕೂತಿದ್ದ ಮಾರಕ್ಕ. ನಾಟಕ ಕಂಪನಿಯಲ್ಲಿ ಕಾಡಸಿದ್ದಪ್ಪನಿಗೆ ಜಡೆ ಹೆಣೆಯುತ್ತಿದ್ದವಳು ಅವಳು. ಈಗ ವಯಸ್ಸು ಅರವತ್ತೈದು ದಾಟಿತ್ತು.

ಒಂಬತ್ತೂವರೆಗೆ ಬೀದಿಯ ತುದಿಯಲ್ಲಿ ಜೀಪು ನಿಂತಿತು. ಇಳಿದವರು ಮಧುಗಿರಿಯ ಕಡಲೆಕಾಯಿ ವ್ಯಾಪಾರಿ ನಂದೀಶ್ವರಯ್ಯ, ಕಾಡಸಿದ್ದಪ್ಪನ ತಮ್ಮನ ಮಗ. ಜೊತೆಗೆ ಇಬ್ಬರು ಆಳುಗಳಿದ್ದರು. ಪ್ರದರ್ಶನ ನಿಲ್ಲಿಸಬೇಕೆಂದು ಅವರು ಹದಿನೈದು ದಿನದ ಹಿಂದೆಯೇ ಕಾಗದ ಬರೆದಿದ್ದರು.

"ಸಾವಿನ ಮನೆ ಅಂತ ಗೊತ್ತಿರ್ಲಿಲ್ಲ. ಜಗಳಕ್ಕೆ ಬಂದಿಲ್ಲ ನಾನು," ಎಂದರು. "ಆದ್ರೆ ಈ ಪಟ ಮಧುಗಿರಿಗೆ ಬರಂಗಿಲ್ಲ. ಮುಂದಿನ ತಿಂಗಳು ಮುನಿಸಿಪಾಲ್ಟಿ ಎಲೆಕ್ಷನ್ನಿಗೆ ನಿಂತಿದೀನಿ. ಸೀರೆ ಉಟ್ಟೋನ ವಂಶಕ್ಕೆ ಓಟು ಹಾಕ್ತೀರಾ ಅಂತ ಈಗ್ಲೇ ಕೂಗ್ತಾವ್ರೆ. ಜೀಪಿಗೆ ತುಂಬ್ಕೊಂಡು ಹೋಗ್ತೀನಿ. ಏನ್ ಮಾಡ್ತೀರ ಅಂತ ಕೇಳ್ಬೇಡಿ."

ನಿಯಾಜ್ ನಿಂತವರ ಮುಖಗಳನ್ನು ನೋಡಿದ. "ತಗೊಂಡ್ಹೋಗಿ ಸಾವ್ಕಾರ್ರೇ. ಮನೆ ಒಳಗೆ ಹೆಂಗೂ ಇಡಂಗಿಲ್ಲ."

"ನಿಯಾಜ್!" ಎಂದಿತು ಪರದೆಯ ಹಿಂದಿನ ದನಿ.

*

ಹಬೀಬ್ ಸಾಬ್ ಕಾಡಸಿದ್ದಪ್ಪನನ್ನು ನೋಡಿಯೇ ಇರಲಿಲ್ಲ. 1914ರಲ್ಲಿ ಕಂಪನಿ ಸಿರಾದಲ್ಲಿ ಡೇರೆ ಹಾಕಿದಾಗ ಅವರಿಗೆ ಹನ್ನೆರಡು ವರ್ಷ. ಟಿಕೆಟ್ ಇರಲಿಲ್ಲ. ಏಳು ನಾಟಕಗಳ ಹಾಡನ್ನು ಡೇರೆಯ ಹೊರಗೆ ನಿಂತು ಕೇಳಿದ್ದರು, ಅಷ್ಟೆ. ಮುಖ ಹೇಗಿತ್ತು, ಸೆರಗು ಹೇಗೆ ಹಿಡಿಯುತ್ತಿದ್ದ ಎಂದು ಮಾರಕ್ಕ ಹೇಳಿದಳು. ಅವಳು ಹೇಳಿದಂತೆ ಬರೆದರು.

ಆ ವರ್ಷದ ಜೂನಿನಲ್ಲಿ ಕೊನೆಯ ಚಿತ್ರಕ್ಕೆ ಬಣ್ಣ ಕೊಡುತ್ತಿದ್ದಾಗ ಅವಳು ಏದುಸಿರು ಬಿಡುತ್ತ ಬಂದಳು.

"ಎಡವಟ್ಟಾಗೋಯ್ತು ಸಾಬ್ರೇ. ಮೊಮ್ಮಗಳಿಗೆ ಜಡೆ ಆಕ್ತಿದ್ದೆ. ಅವಳ ಮೂಗುಬೊಟ್ಟು ಕನ್ನಡೀಲಿ ಆ ಕಡೀಕೆ ಕಾಣ್ತು. ಆಗ ಒಳೀತು."

"ಏನು ಹೊಳೀತು?"

"ಅವರ ಬೆನ್ನಿಂದೆ ನಿಂತ್ಕೊಂಡು ಜಡೆ ಆಕ್ತಿದ್ದೋಳು ನಾನು. ಮುಖ ನೋಡಿದ್ದೆಲ್ಲ ಕನ್ನಡೀಲೇ. ಮುಂದ್ಗಡೆ ಕೂತು ಒಂದು ನಾಟಕಾನೂ ನೋಡಿಲ್ಲ. ಮಚ್ಚೆ ಬಲಗೆನ್ನೇಲಲ್ಲ, ಎಡಗೆನ್ನೇಲಿ ಇದ್ದಿದ್ದು."

ಹಬೀಬ್ ಸಾಬ್ ಕುಂಚ ಕೆಳಗಿಟ್ಟರು. ಹದಿನೆಂಟು ಮಚ್ಚೆ ತಿದ್ದಲು ಒಂದು ದಿನ ಸಾಕಿತ್ತು. ಒಳಗೆ ರೊಟ್ಟಿ ತಟ್ಟುತ್ತಿದ್ದ ಹಮೀದುನ್ನೀಸಾ ಕೈ ನಿಲ್ಲಿಸಿ ಕೇಳಿಸಿಕೊಂಡರು.

"ಹಿಂಗೇ ಇರ್ಲಿ ಬಿಡು ಮಾರಕ್ಕ," ಎಂದರು ಹಬೀಬ್ ಸಾಬ್. "ಊರೋರೆಲ್ಲ ನೋಡಿದ್ದು ಎಡಕ್ಕೆ. ಸೀರೆ ಉಟ್ಟು ಕನ್ನಡಿ ಮುಂದೆ ಕೂತಾಗ ಅವ್ರು ತಮ್ಮನ್ನ ನೋಡ್ಕೊಂಡಿದ್ದು ಬಲಕ್ಕೇ ತಾನೆ?"

ಮಚ್ಚೆ ತಿದ್ದಲಿಲ್ಲ.

*

ನಂದೀಶ್ವರಯ್ಯ ಮೊದಲ ಚಿತ್ರವನ್ನು ತಾವೇ ಎತ್ತಿದರು. ಎತ್ತಿದವರು ಅಲ್ಲೇ ನಿಂತರು. ಕೆಳಗಿಟ್ಟು ಎರಡನೆಯದರ ಮುಂದೆ ಬಗ್ಗಿದರು. ಗೋಡೆಯುದ್ದಕ್ಕೂ ಹದಿನೆಂಟನ್ನೂ ನೋಡಿ ಬಂದರು.

"ಮಚ್ಚೆ ಬಲಕ್ಕೈತೆ," ಎಂದರು. "ನಮ್ ದೊಡ್ಡಪ್ಪಂಗೆ ಎಡಕ್ಕಿತ್ತು. ಅವರ ತೊಡೆ ಮೇಲೆ ಆಡಿ ಬೆಳೆದೋನು ನಾನು. ಇದು ಅವ್ರಲ್ಲ. ಕೇಳಿಸ್ಕೊಂಡ್ರಾ ಎಲ್ರೂ? ನಮ್ಮೋರಲ್ಲ ಇದು."

ಮಾರಕ್ಕ ಎದ್ದಳು. "ಸಾವ್ಕಾರ್ರೇ, ಅದು ನಾನು ಕನ್..."

"ಮಾರಕ್ಕ, ನೀರು ಕಾದಿದೆಯಾ ನೋಡು," ಎಂದರು ಹಮೀದುನ್ನೀಸಾ.

ಮಾರಕ್ಕ ಪರದೆಯ ಕಡೆ ನೋಡಿ, ಮಾತು ಅಲ್ಲಿಗೇ ಬಿಟ್ಟು ಒಳಗೆ ನಡೆದಳು.

"ನಿಮ್ಮೋರಲ್ಲ ಅಂದ್ಮೇಲೆ ನಿಮಗ್ಯಾಕೆ ಪಟ?" ಒಳಗಿನ ದನಿ ಕೇಳಿತು.

"ನಮ್ಮೋರಲ್ಲ ಅಂದ್ಮೇಲೆ ನಮ್ಮೋರ ಹೆಸರ್ಯಾಕಮ್ಮ? ಅಳಿಸ್ರಿ. ಎಲ್ಲಿಗಾದ್ರೂ ತಗೊಂಡ್ಹೋಗ್ರಿ ಆಮೇಲೆ. ಇಲ್ಲ ಅಂದ್ರೆ ಜೀಪಿಗೆ ಹಾಕ್ತೀನಿ."

ಒಳಗೆ ಯಾರೋ ಕುರಾನ್ ಓದುತ್ತಿದ್ದುದು ಬೀದಿಗೆ ಕೇಳುತ್ತಿತ್ತು. ಆಳುಗಳು ಎರಡು ಹೆಜ್ಜೆ ಮುಂದೆ ಬಂದರು.

"ನಿಯಾಜ್, ಬ್ರಷ್ ತಗೋ."

"ಭಾಬಿ, ಭಾಯಿ ಇಷ್ಟೆಲ್ಲ ಮಾಡಿದ್ದೇ ಈ ಹೆಸರಿಗೆ..."

"ತಗೋ ಅಂದೆ."

ಆ ಅಕ್ಷರಗಳನ್ನು ಅಣ್ಣನ ಮಾತಿಗೆ ಕಟ್ಟುಬಿದ್ದು ಬರೆದುಕೊಟ್ಟವನು ನಿಯಾಜನೇ. ಅವನು ಮೊಣಕಾಲೂರಿ ಒಂದೊಂದರ ಮೇಲೂ ಕಪ್ಪು ಬಣ್ಣ ಬಳಿದ. ನಲವತ್ತು ನಿಮಿಷ ಹಿಡಿಯಿತು. ಕೊನೆಯ ಹೆಸರು ಮುಚ್ಚುವವರೆಗೂ ನಂದೀಶ್ವರಯ್ಯ ಪಕ್ಕದಲ್ಲೇ ನಿಂತಿದ್ದರು. ಆಮೇಲೆ ಪರದೆಯ ಕಡೆಗೆ ಕೈಮುಗಿದು ಹೋದರು.

ಒಂದು ಗಂಟೆಯ ಬಸ್ಸಿನ ಮೇಲೆ ಚಿತ್ರಗಳನ್ನು ಕಟ್ಟಲಾಯಿತು. ಎರಡು ಗಂಟೆಗೆ ಹಬೀಬ್ ಸಾಬರನ್ನು ಮಣ್ಣು ಮಾಡಿದರು.

*

ಸಂಜೆ ನಾಲ್ಕಕ್ಕೆ ಛತ್ರದ ಬಾಗಿಲು ತೆರೆಯಿತು. ಇಪ್ಪತ್ತರಷ್ಟು ಜನ ಬಂದಿದ್ದರು. ಕಪ್ಪು ಬಣ್ಣ ಇನ್ನೂ ಕೈಗೆ ಹತ್ತುತ್ತಿತ್ತು.

"ಯಾರಜ್ಜಿ ಇದು? ಹೆಸರ ಮೇಲೇ ಬಳ್ದವ್ರಲ್ಲ," ಎಂದು ಒಬ್ಬ ಕೇಳಿದ.

ಮೂಲೆಯಲ್ಲಿ ಕೂತಿದ್ದ ಮಾರಕ್ಕ ತಲೆ ಅಲ್ಲಾಡಿಸಿದಳು. ಹೇಳುವುದಿಲ್ಲವೆಂದು ಹಮೀದುನ್ನೀಸಾರಿಗೆ ಮಾತು ಕೊಟ್ಟಿದ್ದಳು.

ಹೆಸರು ಮುಚ್ಚಿದೆಯೇ ಎಂದು ಮತ್ತೆ ನೋಡಲು ಬಂದಿದ್ದ ನಂದೀಶ್ವರಯ್ಯ ಬಾಗಿಲಾಚೆ ನಿಂತಿದ್ದರು. ದೊಡ್ಡೇರಿಯಿಂದ ಬಂದಿದ್ದ ಪರ್ವತಯ್ಯ ಎಂಬ ಮುದುಕ ಮೂರನೆಯ ಚಿತ್ರದ ಮುಂದೆ ಬಹಳ ಹೊತ್ತು ನಿಂತ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ಸೆರಗು ಹಿಡ್ದಿರೋ ಕೈ ನೋಡ್ರಲಾ," ಎಂದು ಗಟ್ಟಿಯಾಗಿ ಹೇಳಿದ. "ಇನ್ಯಾವ ಗಂಡಸಿಗೆ ಬರ್ತದೆ ಅದು? ಕಾಡಸಿದ್ದಪ್ಪ ಕಣ್ರಲಾ! ನಮ್ಮ ಕಾಡಸಿದ್ದಪ್ಪ!"

ಎಲ್ಲರೂ ಬಾಗಿಲ ಕಡೆ ತಿರುಗಿದರು.

"ಹೌದೇನ್ರೀ ಸಾವ್ಕಾರ್ರೇ?" ಯಾರೋ ಕೇಳಿದರು.

ನಂದೀಶ್ವರಯ್ಯ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು.

ಒಂದು ದಿನಕ್ಕೆಂದು ಗೊತ್ತುಮಾಡಿದ್ದ ಪ್ರದರ್ಶನ ನಾಲ್ಕು ದಿನ ನಡೆಯಿತು.